ಮನೆತೋಟದಲ್ಲಿ ಸೌತೆ ಬಳ್ಳಿಯ ಅಂತರ

ಸೌತೆ ಬಳ್ಳಿಯ ಅಂತರ ಎಂದರೆ ಮನೆತೋಟದ ಮಡಿ, ಪಾತಿ ಅಥವಾ ಕುಂಡಗಳಲ್ಲಿ ಬೆಳೆಸುವ ಎರಡು ಸೌತೆ ಗಿಡಗಳ ಬುಡಗಳ ನಡುವೆ ಹಾಗೂ ಎರಡು ಸಾಲುಗಳ ನಡುವೆ ಬಿಡುವ ಜಾಗದ ಅಳತೆ. ಒಂದೊಂದು ಬಳ್ಳಿಗೆ ಎಷ್ಟು ಮಣ್ಣು, ನೀರು, ಬಿಸಿಲು ಮತ್ತು ಗಾಳಿ ಸಿಗಬೇಕು ಎಂಬುದನ್ನು ಈ ಅಳತೆ ನಿರ್ಧರಿಸುತ್ತದೆ. ಬಳ್ಳಿಯನ್ನು ನೆಲದ ಮೇಲೆ ಹಬ್ಬಿಸುವುದಾದರೆ ಗಿಡದಿಂದ ಗಿಡಕ್ಕೆ 60ರಿಂದ 90 ಸೆಂ.ಮೀ., ತಡಿಕೆಗೆ ಹತ್ತಿಸುವುದಾದರೆ 30ರಿಂದ 45 ಸೆಂ.ಮೀ. ಅಂತರ ಸಾಮಾನ್ಯವಾಗಿ ರೂಢಿಯಲ್ಲಿದೆ. ಎಲ್ಲ ತೋಟಕ್ಕೂ ಒಪ್ಪುವ ಒಂದೇ ಅಳತೆ ಇಲ್ಲ. ಬಳ್ಳಿಯನ್ನು ಯಾವ ರೀತಿ ಹಬ್ಬಿಸುತ್ತಾರೆ, ತಳಿ ಯಾವುದು, ಬಿತ್ತಿದ ಕಾಲ ಯಾವುದು ಎಂಬ ಮೂರು ಸಂಗತಿಗಳ ಮೇಲೆ ಅದು ಬದಲಾಗುತ್ತದೆ.

ಪದಗಳ ಅರ್ಥ

ಈ ಲೇಖನದಲ್ಲಿ ಸೌತೆ ಎಂದರೆ ಹಸಿಯಾಗಿ ತಿನ್ನುವ, ಕುಕುಮಿಸ್ ಸಟೈವಸ್ ಎಂಬ ಸಸ್ಯನಾಮದ ಬಳ್ಳಿ. ಕರಾವಳಿ ಮತ್ತು ಮಲೆನಾಡಿನಲ್ಲಿ ಇದನ್ನು ಮುಳ್ಳುಸೌತೆ ಎನ್ನುತ್ತಾರೆ. ಅಲ್ಲಿ ಬರಿದೇ ಸೌತೆಕಾಯಿ ಎಂದರೆ ಹುಳಿ, ಸಾಂಬಾರುಗಳಿಗೆ ಬಳಸುವ ಮಂಗಳೂರು ಸೌತೆ. ಅದು ಕರಬೂಜದ ಜಾತಿಗೆ, ಅಂದರೆ ಕುಕುಮಿಸ್ ಮೆಲೊಗೆ, ಸೇರಿದ ಬೇರೆಯೇ ಸಸ್ಯ. ಭತ್ತದ ಕೊಯ್ಲಾದ ಗದ್ದೆಯಲ್ಲಿ ನೆಲದ ಮೇಲೆ ಹಬ್ಬುವ ಆ ಬಳ್ಳಿಯ ಅಂತರದ ಲೆಕ್ಕ ಇಲ್ಲಿಗೆ ಅನ್ವಯಿಸುವುದಿಲ್ಲ.

ಗಿಡದಂತರ ಎಂದರೆ ಒಂದೇ ಸಾಲಿನ ಎರಡು ಗಿಡಗಳ ಬುಡದಿಂದ ಬುಡಕ್ಕೆ ಇರುವ ದೂರ. ಸಾಲಂತರ ಎಂದರೆ ಒಂದು ಸಾಲಿನಿಂದ ಮತ್ತೊಂದು ಸಾಲಿಗೆ ಇರುವ ದೂರ. ಗೊಬ್ಬರ ಬೆರೆಸಿ ಸಿದ್ಧಪಡಿಸಿ, ಒಂದಕ್ಕಿಂತ ಹೆಚ್ಚು ಬೀಜ ಊರುವ ದುಂಡನೆಯ ಗುಣಿ ಪಾತಿ ಎನಿಸುತ್ತದೆ. ಬಿದಿರು, ತಂತಿ ಅಥವಾ ಬಲೆಯಿಂದ ನೇರವಾಗಿ ನಿಲ್ಲಿಸಿದ ಆಸರೆ ತಡಿಕೆ. ಕಂಬಗಳ ಮೇಲೆ ಅಡ್ಡಲಾಗಿ ಹಾಸಿದ ಆಸರೆ ಚಪ್ಪರ. ಇವೆರಡರ ಅಂತರ ಒಂದೇ ಅಲ್ಲವಾದ್ದರಿಂದ ಈ ಭೇದವನ್ನು ಗಮನಿಸಬೇಕು.

ಮೂಲ

ಸೌತೆಯ ತವರು ಭಾರತ. ಹಿಮಾಲಯದ ತಪ್ಪಲಿನಲ್ಲಿ ಇಂದಿಗೂ ಕಾಡಾಗಿ ಬೆಳೆಯುವ ಹಾರ್ಡ್‌ವಿಕಿಯೈ ಎಂಬ ಪ್ರಭೇದ ಸೌತೆಯ ಅತಿ ಹತ್ತಿರದ ಸಂಬಂಧಿ. ಅದರ ಕಾಯಿ ಚಿಕ್ಕದು, ವಿಪರೀತ ಕಹಿ. ಆದರೆ ಬಳ್ಳಿ ಹೇರಳವಾಗಿ ಕವಲೊಡೆದು ಅನೇಕ ಕಾಯಿ ಬಿಡುತ್ತದೆ. ಪೊದೆಗಳ ಮೇಲೆ ಹತ್ತಿ, ಕವಲೊಡೆದು ಹರಡುವ ಈ ಸ್ವಭಾವ ನಾಟಿ ಸೌತೆಯಲ್ಲೂ ಉಳಿದುಕೊಂಡಿದೆ. ಗಿಡಕ್ಕೆ ಇಷ್ಟೊಂದು ಜಾಗ ಬೇಕಾಗುವುದು ಇದೇ ಕಾರಣಕ್ಕೆ. ಭಾರತದಿಂದ ಸೌತೆ ಪೂರ್ವಕ್ಕೆ ಚೀನಾದ ಕಡೆಗೂ ಪಶ್ಚಿಮಕ್ಕೆ ಯುರೋಪಿನ ಕಡೆಗೂ ಹರಡಿತು. ಕಾರ್ಲ್ ಲಿನೇಯಸ್ 1753ರಲ್ಲಿ ಇದಕ್ಕೆ ಈಗಿನ ಸಸ್ಯನಾಮ ಕೊಟ್ಟ. ಸೌತೆಯ ಜೀವಕೋಶದಲ್ಲಿ 14 ವರ್ಣತಂತುಗಳಿದ್ದರೆ ಕರಬೂಜ ಮತ್ತು ಮಂಗಳೂರು ಸೌತೆಗಳಲ್ಲಿ 24 ಇವೆ.

ಬಳ್ಳಿಯ ರಚನೆ

ಸೌತೆ ಒಂದೇ ಹಂಗಾಮಿನಲ್ಲಿ ಬಾಳು ಮುಗಿಸುವ ಬಳ್ಳಿ. ತಾಯಿಬೇರು ಸಡಿಲ ಮಣ್ಣಿನಲ್ಲಿ 60 ಸೆಂ.ಮೀ.ಗಿಂತ ಆಳಕ್ಕೂ ಇಳಿಯಬಲ್ಲದು. ಆದರೆ ನೀರನ್ನೂ ಸಾರವನ್ನೂ ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ 30 ಸೆಂ.ಮೀ. ಪದರದಲ್ಲೇ ಅಡ್ಡಲಾಗಿ ಹರಡುತ್ತವೆ. ಮೇಲೆ ಬಳ್ಳಿ ಮುಟ್ಟಿಕೊಳ್ಳುವ ಮೊದಲೇ ಮಣ್ಣಿನೊಳಗೆ ಎರಡು ಗಿಡಗಳ ಬೇರು ಒಂದೇ ನೀರಿಗೆ ಕೈಚಾಚಿರುತ್ತವೆ. ಈ ಬೇರುಗಳು ಕದಲಿಕೆಯನ್ನು ಸಹಿಸುವುದಿಲ್ಲ.

ಕಾಂಡ ಏಣುಳ್ಳದ್ದು, ಮೈಯೆಲ್ಲ ಒರಟು ರೋಮ. ಸಾಮಾನ್ಯ ತಳಿಗಳ ಬಳ್ಳಿ 1.5ರಿಂದ 3 ಮೀಟರ್ ಉದ್ದ ಬೆಳೆಯುತ್ತದೆ. ಪೊದೆ ತಳಿಗಳು 60ರಿಂದ 90 ಸೆಂ.ಮೀ.ಗೆ ನಿಲ್ಲುತ್ತವೆ. ಎಲೆ ಅಂಗೈಯಗಲಕ್ಕಿಂತ ದೊಡ್ಡದು, ಮೂರರಿಂದ ಐದು ಮೂಲೆಗಳುಳ್ಳದ್ದು. ಪ್ರತಿ ಎಲೆಯ ಕಂಕುಳಲ್ಲಿ ಒಂದು ಲತಾತಂತು, ಹೂ ಮತ್ತು ಒಂದು ಪಕ್ಕದ ಕುಡಿ ಹುಟ್ಟಬಲ್ಲವು. ಲತಾತಂತುವಿನ ತುದಿ ಯಾವುದಾದರೂ ಕಡ್ಡಿಗೆ ತಗುಲಿದರೆ ಮೊದಲು ಅದನ್ನು ಸುತ್ತಿಕೊಳ್ಳುತ್ತದೆ. ಆಮೇಲೆ ನಡುಭಾಗ ಸುರುಳಿಯಾಗಿ ಬಿಗಿದು ಬಳ್ಳಿಯನ್ನು ಆಸರೆಯತ್ತ ಎಳೆದುಕೊಳ್ಳುತ್ತದೆ. ಆಸರೆ ದೂರವಿದ್ದು ಪಕ್ಕದ ಗಿಡ ಹತ್ತಿರವಿದ್ದರೆ ಅದರ ಎಲೆತೊಟ್ಟನ್ನೇ ಹಿಡಿಯುತ್ತದೆ. ಹೀಗೆ ಹೆಣೆದುಕೊಂಡ ಬಳ್ಳಿಗಳನ್ನು ಬಿಡಿಸಲು ಹೋದರೆ ತೊಟ್ಟು ಮುರಿಯುತ್ತದೆ, ಎಲೆ ಹರಿಯುತ್ತದೆ.

ಗಂಡುಹೂ ಮತ್ತು ಹೆಣ್ಣುಹೂ ಒಂದೇ ಬಳ್ಳಿಯಲ್ಲಿ ಬೇರೆಬೇರೆಯಾಗಿ ಬರುತ್ತವೆ. ಗಂಡುಹೂಗಳು ಗೊಂಚಲಾಗಿ ಮೊದಲು ಅರಳುತ್ತವೆ. ಹೆಣ್ಣುಹೂವಿನ ಬುಡದಲ್ಲಿ ಚಿಕ್ಕ ಮಿಡಿಯ ಆಕಾರದ ಅಂಡಾಶಯ ಕಾಣುವುದರಿಂದ ಗುರುತಿಸುವುದು ಸುಲಭ.

ಬೆಳೆಸುವ ಕ್ರಮ ಮತ್ತು ಅಂತರ

ನೆಲದ ಮೇಲೆ ಹಬ್ಬಿಸುವ ಕ್ರಮಕ್ಕೆ ಅತಿ ಹೆಚ್ಚು ಜಾಗ ಬೇಕು. ಸಾಲಂತರ 1.5 ಮೀಟರ್, ಗಿಡದಂತರ 60ರಿಂದ 90 ಸೆಂ.ಮೀ. ಇಟ್ಟರೆ ಒಂದು ಗಿಡಕ್ಕೆ ಸುಮಾರು ಒಂದು ಚದರ ಮೀಟರ್ ನೆಲ ಸಿಗುತ್ತದೆ. ಪಾತಿ ಮಾಡಿ ಬಿತ್ತುವುದಾದರೆ ಪಾತಿಯಿಂದ ಪಾತಿಗೆ 90 ಸೆಂ.ಮೀ.ನಿಂದ 1.2 ಮೀಟರ್ ಬಿಟ್ಟು, ಪ್ರತಿ ಪಾತಿಯಲ್ಲಿ ನಾಲ್ಕೈದು ಬೀಜ ಊರಿ, ಕೊನೆಗೆ ಎರಡು ಸಸಿ ಉಳಿಸುತ್ತಾರೆ. ಬೇಸಿಗೆಯಲ್ಲಿ ನೆಲ ಮುಚ್ಚಿದ ಎಲೆಗಳು ತೇವ ಕಾಯುವುದರಿಂದ ಈ ಕ್ರಮ ಒಣಪ್ರದೇಶಕ್ಕೆ ಒಗ್ಗುತ್ತದೆ. ಮಳೆಗಾಲದಲ್ಲಿ ಕಾಯಿ ಹಸಿಮಣ್ಣಿಗೆ ತಾಗಿ ಕೊಳೆಯುತ್ತದೆ. ಒಣಹುಲ್ಲು ಹಾಸಿದರೂ ಈ ತೊಂದರೆ ಪೂರ್ತಿ ತಪ್ಪದು.

ತಡಿಕೆ ಕ್ರಮದಲ್ಲಿ ಬಳ್ಳಿ ಮೇಲಕ್ಕೆ ಬೆಳೆಯುವುದರಿಂದ ಗಿಡದಂತರ 30ರಿಂದ 45 ಸೆಂ.ಮೀ.ಗೆ ಇಳಿಯುತ್ತದೆ. ತಡಿಕೆಯ ಎತ್ತರ 1.5ರಿಂದ 2 ಮೀಟರ್, ಎರಡು ತಡಿಕೆಗಳ ನಡುವೆ ಕನಿಷ್ಠ 1 ಮೀಟರ್ ಇರಬೇಕು. ಕೆಳಗಿನ ನಾಲ್ಕೈದು ಗಿಣ್ಣುಗಳ ಪಕ್ಕದ ಕುಡಿಗಳನ್ನು ಚಿವುಟಿದರೆ ಬುಡದಲ್ಲಿ ಗಾಳಿಯಾಡುತ್ತದೆ. ಕುಡಿ ಚಿವುಟಿ ಒಂದೇ ಬಳ್ಳಿಯಾಗಿ ಬೆಳೆಸುವವರು 30 ಸೆಂ.ಮೀ. ಅಂತರ ಇಡಬಹುದು. ಕವಲುಗಳನ್ನು ಹಾಗೆಯೇ ಬಿಡುವುದಾದರೆ 45 ಸೆಂ.ಮೀ.ಗಿಂತ ಕಡಿಮೆ ಮಾಡಬಾರದು. 3 ಮೀಟರ್ ಉದ್ದದ ಮಡಿಯಲ್ಲಿ 75 ಸೆಂ.ಮೀ. ಅಂತರದಲ್ಲಿ ನೆಲಕ್ಕೆ ಹಬ್ಬಿಸುವ ನಾಲ್ಕು ಗಿಡ ಹಿಡಿದರೆ, ಅಷ್ಟೇ ಉದ್ದದ ತಡಿಕೆಯಲ್ಲಿ 45 ಸೆಂ.ಮೀ. ಅಂತರದ ಏಳು ಗಿಡ ಹಿಡಿಯುತ್ತವೆ. ಅಕ್ಕಪಕ್ಕ ಬಿಡಬೇಕಾದ ನೆಲವೂ ಕಡಿಮೆ. ಜಾಗ ಚಿಕ್ಕದಾದ ಮನೆತೋಟಕ್ಕೆ ಎಲ್ಲ ಕ್ರಮಗಳಲ್ಲಿ ಹೆಚ್ಚು ಹೊಂದುವುದು ಇದೇ.

ಚಪ್ಪರದ ಲೆಕ್ಕ ಬೇರೆ. ಬಳ್ಳಿ ಆಳೆತ್ತರಕ್ಕೆ ಏರಿ ನಂತರ ಅಡ್ಡಲಾಗಿ ಹರಡುತ್ತದೆ. ಆದ್ದರಿಂದ ಬುಡದಲ್ಲಿ ಎಷ್ಟೇ ಖಾಲಿ ಕಂಡರೂ ಅಂತರವನ್ನು ಚಪ್ಪರದ ಹರವಿಗೆ ಹೊಂದಿಸಬೇಕಾಗುತ್ತದೆ. ಚಪ್ಪರದ ಅಂಚಿನುದ್ದಕ್ಕೆ 60ರಿಂದ 90 ಸೆಂ.ಮೀ.ಗೆ ಒಂದು ಗಿಡ ಸಾಕು. ಕರಾವಳಿ ಮತ್ತು ಮಲೆನಾಡಿನ ಹಿತ್ತಿಲುಗಳಲ್ಲಿ ಮಳೆಗಾಲದ ಮುಳ್ಳುಸೌತೆಯನ್ನು ಚಪ್ಪರಕ್ಕೋ ಮರದ ಒಣಗೆಲ್ಲುಗಳಿಗೋ ಹಬ್ಬಿಸುವುದು ಹಳೆಯ ರೂಢಿ. ಕಾಯಿ ತೂಗುಬಿದ್ದು ನೇರವಾಗಿ ಬೆಳೆಯುತ್ತದೆ, ಮಣ್ಣಿನ ಕೆಸರು ಸಿಡಿಯುವುದಿಲ್ಲ.

ಕುಂಡ ಅಥವಾ ಗ್ರೋಬ್ಯಾಗಿನಲ್ಲಿ ಅಂತರಕ್ಕಿಂತ ಮಣ್ಣಿನ ಗಾತ್ರ ಮುಖ್ಯ. 15ರಿಂದ 20 ಲೀಟರ್ ಹಿಡಿಯುವ ಕುಂಡಕ್ಕೆ ಒಂದು ಗಿಡ, 40 ಲೀಟರಿನದಕ್ಕೆ ಎರಡು. ಕುಂಡಗಳ ನಡುವಣ ದೂರವನ್ನು ಗಿಡದ ಬುಡದಿಂದ ಅಳೆದು 45 ಸೆಂ.ಮೀ. ಇಡಬೇಕು. ತಾರಸಿಯ ಕಾದ ಸಿಮೆಂಟಿನ ಮೇಲೆ ಕುಂಡದ ತೇವ ಬೇಗ ಆರುತ್ತದೆ. ಒಂದೇ ಕುಂಡದಲ್ಲಿ ಮೂರು ಗಿಡ ನೆಟ್ಟರೆ ಮಧ್ಯಾಹ್ನದ ಹೊತ್ತಿಗೆ ಎಲೆ ಬಾಡುತ್ತದೆ.

ಪೊದೆ ತಳಿಗಳಿಗೆ ಆಸರೆಯಿಲ್ಲದೆಯೂ 45 ಸೆಂ.ಮೀ. ಸಾಕು.

ಅಮೆರಿಕದ ಎಂಜಿನಿಯರ್ ಮೆಲ್ ಬಾರ್ತಲೊಮ್ಯು 1981ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದ ಚದರಡಿ ತೋಟಗಾರಿಕೆಯಲ್ಲಿ ತಡಿಕೆಗೆ ಹತ್ತಿಸಿದ ಸೌತೆಗೆ ಒಂದು ಚದರಡಿಗೆ ಎರಡು ಗಿಡಗಳ ಲೆಕ್ಕವಿದೆ. ಸಾವಯವ ಗೊಬ್ಬರ ತುಂಬಿದ ಮಡಿಗೂ ಒಣಹವೆಯ ಬೇಸಿಗೆಗೂ ಈ ಲೆಕ್ಕ ಸರಿ. ತಿಂಗಳುಗಟ್ಟಲೆ ಎಲೆ ಒದ್ದೆಯಾಗಿರುವ ನಮ್ಮ ಮುಂಗಾರಿಗೆ ಇದು ಅತಿ ಇಕ್ಕಟ್ಟು.

ಸಾಲಿನ ದಿಕ್ಕು

ಸೌತೆಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ತಡಿಕೆಯನ್ನು ಉತ್ತರ–ದಕ್ಷಿಣವಾಗಿ ನಿಲ್ಲಿಸಿದರೆ ಬೆಳಗಿನ ಬಿಸಿಲು ಒಂದು ಮಗ್ಗುಲಿಗೂ ಸಂಜೆಯದು ಇನ್ನೊಂದು ಮಗ್ಗುಲಿಗೂ ಬೀಳುತ್ತದೆ. ತಡಿಕೆಯನ್ನು ಸದಾ ತೋಟದ ಉತ್ತರದ ಅಂಚಿಗೇ ಇಡಬೇಕೆಂಬ ಸಲಹೆ ಉತ್ತರ ಗೋಳಾರ್ಧದ ಸಮಶೀತೋಷ್ಣ ವಲಯದ ದೇಶಗಳದು. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ಜೂನ್ ತಿಂಗಳ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಆ ಸಲಹೆ ಇಲ್ಲಿ ಚಳಿಗಾಲದ ಬೆಳೆಗೆ ಮಾತ್ರ ಹೊಂದುತ್ತದೆ.

ಅಂತರ ಮತ್ತು ರೋಗ

ಅಂತರದ ಪರಿಣಾಮ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಎಲೆರೋಗಗಳಲ್ಲಿ. ಸೌತೆಯ ಪ್ರಮುಖ ಶತ್ರು ಬೂಜು ತುಪ್ಪಟ ರೋಗ. 1868ರಲ್ಲಿ ಕ್ಯೂಬಾದಿಂದ ಬಂದ ಮಾದರಿಯ ಆಧಾರದ ಮೇಲೆ ವಿವರಿಸಲಾದ್ದರಿಂದ ಇದರ ರೋಗಾಣುವಿಗೆ ಸೂಡೊಪೆರೊನೊಸ್ಪೊರ ಕ್ಯುಬೆನ್ಸಿಸ್ ಎಂಬ ಹೆಸರಿದೆ. ಈ ರೋಗಾಣು ಎಲೆಯೊಳಗೆ ಇಳಿಯಬೇಕಾದರೆ ಎಲೆಯ ಮೇಲೆ ಕೆಲವು ಗಂಟೆ ನೀರಿನ ಪದರ ನಿಂತಿರಬೇಕು. ಮಳೆ ಅಥವಾ ಇಬ್ಬನಿ ಬಿದ್ದ ಬೆಳಿಗ್ಗೆ, ಅಗಲವಾಗಿ ನೆಟ್ಟ ಬಳ್ಳಿಯ ಎಲೆ ಬಿಸಿಲೇರುತ್ತಿದ್ದಂತೆ ಆರುತ್ತದೆ. ಒತ್ತಾಗಿ ನೆಟ್ಟ ಮಡಿಯ ಒಳಗಿನ ಎಲೆಗಳು ಹೊತ್ತು ಏರಿದರೂ ಒದ್ದೆಯಾಗಿಯೇ ಇರುತ್ತವೆ. ರೋಗ ಬಂದ ಎಲೆಯ ಮೇಲೆ ನರಗಳ ಗೆರೆಯೊಳಗೆ ಕಟ್ಟಿಹಾಕಿದಂತೆ ಮೂಲೆಮೂಲೆಯಾದ ಹಳದಿ ಕಲೆಗಳು ಏಳುತ್ತವೆ. ಮುಂಜಾನೆ ಎಲೆಯನ್ನು ಮಗುಚಿ ನೋಡಿದರೆ ಅದೇ ಕಲೆಗಳ ಹಿಂಬದಿಯಲ್ಲಿ ಬೂದು–ನೇರಳೆ ಬಣ್ಣದ ತೆಳುವಾದ ಬೂಜು ಕಾಣುತ್ತದೆ.

ಬೂದಿ ರೋಗದ ಸ್ವಭಾವ ಇದಕ್ಕೆ ಹೊರತು. ಅದಕ್ಕೆ ಎಲೆ ಒದ್ದೆಯಾಗಬೇಕಿಲ್ಲ. ನೆರಳು, ಬೆಚ್ಚನೆಯ ಹವೆ, ಗಾಳಿಯಾಡದ ಒತ್ತು ಎಲೆಗಳು ಸಾಕು. ಎರಡೂ ರೋಗಗಳಿಗೆ ಅಂತರವೊಂದೇ ಮದ್ದಲ್ಲ. ಗಾಳಿಯಲ್ಲಿ ತೇಲಿಬರುವ ಬೀಜಾಣುಗಳನ್ನು ಅದು ತಡೆಯಲಾರದು, ರೋಗ ಹರಡುವ ವೇಗವನ್ನು ತಗ್ಗಿಸುತ್ತದೆ ಅಷ್ಟೆ.

ಕೀಟಗಳ ವಿಷಯದಲ್ಲಿ ಅಂತರದ ಉಪಯೋಗ ಪರೋಕ್ಷ. ಕುಂಬಳದ ಕೆಂಪು ದುಂಬಿ, ರಂಗೋಲಿ ಹುಳು, ಮೊಸಾಯಿಕ್ ನಂಜನ್ನು ಹೊತ್ತು ತರುವ ಸಸ್ಯಹೇನುಗಳನ್ನು ಎಲೆಗಳ ನಡುವೆ ಕೈಹಾಕಿ ನೋಡುವಷ್ಟು ತೆರಪಿದ್ದರೆ ಮಾತ್ರ ಬೇಗ ಪತ್ತೆಹಚ್ಚಬಹುದು. ಹಣ್ಣುನೊಣ ಕುಟುಕಿದ ಮಿಡಿ ಒತ್ತು ಬಳ್ಳಿಯೊಳಗೆ ಕಣ್ಣಿಗೆ ಬೀಳದೆ ಕೊಳೆತು, ಅದರ ಹುಳ ಮಣ್ಣಿಗಿಳಿದು ಮುಂದಿನ ಪೀಳಿಗೆಯಾಗಿ ಏಳುತ್ತದೆ.

ಹೂ, ಕಾಯಿ ಮತ್ತು ಇಳುವರಿ

ಸಾಮಾನ್ಯ ತಳಿಗಳಲ್ಲಿ ಪರಾಗಸ್ಪರ್ಶ ಜೇನಿನಿಂದ ಆಗಬೇಕು. ತುಡುವೆ, ಕೋಲುಜೇನು, ಮಿಸರಿ ಇವೆಲ್ಲ ಸೌತೆ ಹೂವಿಗೆ ಬರುತ್ತವೆ. ಹೂ ಅರಳಿರುವುದು ಒಂದೇ ದಿನ. ಆ ಒಂದು ದಿನದಲ್ಲಿ ಜೇನು ಹಲವು ಸಲ ಬಂದು ಕೂತರೆ ಮಾತ್ರ ಕಾಯಿ ತುಂಬಿಕೊಳ್ಳುತ್ತದೆ. ಎಲೆಗಳ ರಾಶಿಯಲ್ಲಿ ಹೂ ಮುಚ್ಚಿಹೋದರೆ ಪರಾಗ ಅರೆಬರೆಯಾಗಿ, ತುದಿ ಸೊಟ್ಟಗಾದ, ನಡು ಸಣಕಲಾದ ಕಾಯಿಗಳು ಬರುತ್ತವೆ.

ಒತ್ತಾಗಿ ನೆಟ್ಟಾಗ ಬಳ್ಳಿಯ ಮೇಲೆ ಬೀಳುವ ಒತ್ತಡದಿಂದ ಗಂಡುಹೂಗಳ ಪಾಲು ಹೆಚ್ಚುತ್ತದೆ. ಗಿಡದ ಸಂಖ್ಯೆ ಹೆಚ್ಚಿದಂತೆ ಒಂದು ಗಿಡದ ಇಳುವರಿ ಇಳಿಯುತ್ತದೆ. ಆದರೆ ಅದೇ ನೆಲದ ಒಟ್ಟು ಇಳುವರಿ ಒಂದು ಮಟ್ಟದವರೆಗೆ ಏರಿ, ಆಮೇಲೆ ನಿಂತು, ಕೊನೆಗೆ ಇಳಿಮುಖವಾಗುತ್ತದೆ. ವಾಣಿಜ್ಯ ಬೆಳೆಗಾರ ಆ ಗರಿಷ್ಠ ಮಟ್ಟವನ್ನು ಹುಡುಕುತ್ತಾನೆ. ಮನೆತೋಟದಲ್ಲಿ ಬೇಕಾದುದು ಬೇರೆ: ಒಂದೇ ವಾರದಲ್ಲಿ ಸುರಿಯುವ ಫಸಲಿಗಿಂತ ಹೆಚ್ಚು ದಿನ ಬಾಳಿ ಕಾಯಿ ಕೊಡುವ ಆರೋಗ್ಯವಂತ ಬಳ್ಳಿ. ಹೀಗಾಗಿ ಮನೆಯವರು ವಾಣಿಜ್ಯ ಅಂತರವನ್ನು ಅನುಕರಿಸುವುದಕ್ಕಿಂತ ಸ್ವಲ್ಪ ಸಡಿಲವಾಗಿ ನೆಡುವುದೇ ಲಾಭ. ನಾಲ್ಕೈದು ಜನರ ಮನೆಗೆ ನಾಲ್ಕರಿಂದ ಆರು ಬಳ್ಳಿ, ಹದಿನೈದು–ಇಪ್ಪತ್ತು ದಿನ ಬಿಟ್ಟು ಮತ್ತೆ ಅಷ್ಟೇ ಬಿತ್ತನೆ ಮಾಡಿದರೆ ಸಾಕಾಗುತ್ತದೆ.

ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ಸಂಯುಕ್ತಗಳು. ಇವು ಎಲೆಯಲ್ಲಿ ಸಹಜವಾಗಿಯೇ ಇರುತ್ತವೆ. ತಳಿಯ ಗುಣ, ನೀರಿನ ಅಭಾವ, ವಿಪರೀತ ಸೆಖೆಗಳು ಸೇರಿದಾಗ ಕಾಯಿಯ ತೊಟ್ಟಿನ ಕಡೆಗೂ ಸಿಪ್ಪೆಯ ಕೆಳಗೂ ತುಂಬಿಕೊಳ್ಳುತ್ತವೆ. ಒತ್ತಾದ ಗಿಡಗಳು ನೀರಿಗಾಗಿ ಪೈಪೋಟಿ ನಡೆಸುವುದರಿಂದ ಕಹಿಯ ಸಂಭವ ಹೆಚ್ಚು. ಹಾಗಲದ ಪಕ್ಕದಲ್ಲಿ ಬೆಳೆದರೆ ಸೌತೆ ಕಹಿಯಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹಾಗಲ, ಕುಂಬಳ, ಮಂಗಳೂರು ಸೌತೆ ಯಾವುದರ ಪರಾಗವೂ ಸೌತೆಯಲ್ಲಿ ಬೀಜ ಕಟ್ಟಿಸುವುದಿಲ್ಲ. ಇವುಗಳಿಂದ ದೂರ ಇಡಬೇಕಾದುದು ನೆರಳು ಮತ್ತು ಹಂಚಿಕೊಳ್ಳುವ ರೋಗಗಳ ಕಾರಣಕ್ಕೆ.

ಬೀಜಕ್ಕಾಗಿ ಬಿಡುವ ಅಂತರ

ಸೌತೆಯ ಎರಡು ತಳಿಗಳ ನಡುವೆ ಮಾತ್ರ ಪರಾಗದ ಮಿಶ್ರಣ ಸುಲಭವಾಗಿ ಆಗುತ್ತದೆ. ತಿನ್ನುವ ಕಾಯಿಯ ರುಚಿ, ಆಕಾರಗಳಿಗೆ ಇದರಿಂದ ಬಾಧಕವಿಲ್ಲ. ಬದಲಾವಣೆ ಕಾಣುವುದು ಬೀಜದ ಮುಂದಿನ ಪೀಳಿಗೆಯಲ್ಲಿ. ಭಾರತದ ಬೀಜ ಪ್ರಮಾಣನ ಮಾನದಂಡದಲ್ಲಿ ಸೌತೆಯ ಮೂಲಬೀಜಕ್ಕೆ 1,000 ಮೀಟರ್, ಪ್ರಮಾಣಿತ ಬೀಜಕ್ಕೆ 500 ಮೀಟರ್ ಪ್ರತ್ಯೇಕತಾ ಅಂತರ ನಿಗದಿಯಾಗಿದೆ. ಮನೆತೋಟದಲ್ಲಿ ಇದು ಸಾಧ್ಯವಿಲ್ಲದ ಮಾತು. ನಾಟಿ ಮುಳ್ಳುಸೌತೆಯ ಬೀಜ ಉಳಿಸಿಕೊಳ್ಳುವವರು ಮರುದಿನ ಅರಳಲಿರುವ ಗಂಡು ಮತ್ತು ಹೆಣ್ಣು ಮೊಗ್ಗುಗಳ ತುದಿಯನ್ನು ಸಂಜೆಯೇ ದಾರದಿಂದ ಕಟ್ಟಿ, ಬೆಳಿಗ್ಗೆ ಬಿಚ್ಚಿ, ಗಂಡುಹೂವನ್ನು ಹೆಣ್ಣುಹೂವಿಗೆ ಸವರಿ, ಹೆಣ್ಣುಹೂವನ್ನು ಮತ್ತೆ ಕಟ್ಟುತ್ತಾರೆ. ಆ ಕಾಯಿ ಬಳ್ಳಿಯಲ್ಲೇ ಪೂರ್ತಿ ಹಣ್ಣಾಗಿ ಹಳದಿಗೋ ಕಂದಿಗೋ ತಿರುಗಿದ ಮೇಲೆ ಬೀಜ ತೆಗೆಯಬೇಕು.

ಬಿತ್ತನೆ ಮತ್ತು ಸಸಿ ತೆಗೆಯುವಿಕೆ

ಕರ್ನಾಟಕದಲ್ಲಿ ಜೂನ್–ಜುಲೈ ಮತ್ತು ಜನವರಿ–ಫೆಬ್ರವರಿ ಮುಖ್ಯ ಬಿತ್ತನೆ ಕಾಲ. ಮಳೆಗಾಲದ ಬೆಳೆಗೆ ಅಂತರದ ಮೇಲಿನ ಮಿತಿಯನ್ನೂ ಬೇಸಿಗೆಯ ಬೆಳೆಗೆ ಕೆಳಗಿನ ಮಿತಿಯನ್ನೂ ಆರಿಸಿಕೊಳ್ಳುವುದು ಸರಿಯಾದ ಕ್ರಮ. ಬೀಜವನ್ನು ಸುಮಾರು 2 ಸೆಂ.ಮೀ. ಆಳಕ್ಕೆ ಊರಬೇಕು. ಮಣ್ಣು ಬೆಚ್ಚಗಿದ್ದರೆ ನಾಲ್ಕೈದು ದಿನದಲ್ಲಿ ಮೊಳಕೆ ಬರುತ್ತದೆ. ಎರಡು ನಿಜ ಎಲೆ ಮೂಡಿದಾಗ ಹೆಚ್ಚುವರಿ ಸಸಿಗಳನ್ನು ತೆಗೆಯಬೇಕು. ಕಿತ್ತರೆ ಉಳಿಯಬೇಕಾದ ಸಸಿಯ ಬೇರು ಅಲುಗುವುದರಿಂದ ಕತ್ತರಿಯಿಂದ ಮಣ್ಣಿನ ಮಟ್ಟಕ್ಕೆ ಕತ್ತರಿಸುವುದು ಉತ್ತಮ. ಮನೆತೋಟಗಳಲ್ಲಿ ಅಂತರ ಕೆಡುವುದು ಬಹುತೇಕ ಈ ಹಂತದಲ್ಲೇ. ಮೊಳೆತ ಸಸಿಯನ್ನು ತೆಗೆಯಲು ಮನಸ್ಸು ಬಾರದೆ ಎಲ್ಲವನ್ನೂ ಉಳಿಸಿಕೊಂಡರೆ ಮುಂದೆ ಎಲ್ಲವೂ ಸೊರಗುತ್ತವೆ.

ಬಳ್ಳಿ ಹಬ್ಬುವ ಮೊದಲ ಮೂರು–ನಾಲ್ಕು ವಾರ ಸಾಲುಗಳ ನಡುವಿನ ಜಾಗ ಖಾಲಿಯಿರುತ್ತದೆ. ಅಲ್ಲಿ ಹರಿವೆ, ಮೆಂತ್ಯ, ಕೊತ್ತಂಬರಿ, ಮೂಲಂಗಿಯಂಥ ಬೇಗ ಕೊಯ್ಲಿಗೆ ಬರುವ ಬೆಳೆ ತೆಗೆಯಬಹುದು. ಬಿತ್ತಿದ 45ರಿಂದ 55 ದಿನಕ್ಕೆ ಸೌತೆಯ ಮೊದಲ ಕೊಯ್ಲು ಸಿಗುತ್ತದೆ.

ವಾಣಿಜ್ಯ ಬೆಳೆಯಲ್ಲಿ ಅಂತರ

ಪಾಲಿಹೌಸಿನಲ್ಲಿ ಪರಾಗಸ್ಪರ್ಶವಿಲ್ಲದೆ ಕಾಯಿ ಕಟ್ಟುವ, ಬೀಜರಹಿತ ತಳಿಗಳನ್ನು ದಾರಕ್ಕೆ ಹತ್ತಿಸಿ, ಚದರ ಮೀಟರಿಗೆ ಎರಡು–ಮೂರು ಗಿಡದಂತೆ ಬೆಳೆಸುತ್ತಾರೆ. ಉಪ್ಪಿನಕಾಯಿಗೆ ಬಳಸುವ ಮಿಡಿಸೌತೆಯನ್ನು ಇನ್ನೂ ಒತ್ತಾಗಿ, ಸುಮಾರು 30 ಸೆಂ.ಮೀ. ಗಿಡದಂತರದಲ್ಲಿ ಆಸರೆ ಕೊಟ್ಟು ಬೆಳೆಸಿ, ಕಾಯಿ ಬೆರಳುಗಾತ್ರವಿರುವಾಗಲೇ ಕೊಯ್ಯುತ್ತಾರೆ. ಹೆಣ್ಣುಹೂಗಳನ್ನೇ ಹೆಚ್ಚಾಗಿ ಬಿಡುವ ಮಿಶ್ರತಳಿಗಳನ್ನು 1960ರ ದಶಕದಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ ಹೊರತಂದ ಮೇಲೆ, ಒಂದೇ ಸಲಕ್ಕೆ ಯಂತ್ರದಿಂದ ಕೊಯ್ಯುವ ಅತಿ ಒತ್ತಿನ ಬೇಸಾಯ ಅಲ್ಲಿ ಬೆಳೆಯಿತು. ಭಾರತದಲ್ಲಿ ಮಿಡಿಸೌತೆಯ ಬೇಸಾಯ ಮತ್ತು ರಫ್ತು 1990ರ ದಶಕದ ಆರಂಭದಲ್ಲಿ ಕರ್ನಾಟಕದಿಂದ ಶುರುವಾಗಿ ನೆರೆ ರಾಜ್ಯಗಳಿಗೆ ಹಬ್ಬಿತು. ಇಲ್ಲಿ ಕೊಯ್ಲು ಕೈಯಿಂದಲೇ ನಡೆಯುವುದರಿಂದ ಸಾಲುಗಳ ನಡುವೆ ಆಳು ಓಡಾಡುವಷ್ಟು ಜಾಗ ಕಡ್ಡಾಯ.

ಇಂದಿನ ಸ್ಥಿತಿ

ಪೂಸಾ ಉದಯ್, ಜಪಾನೀಸ್ ಲಾಂಗ್ ಗ್ರೀನ್, ಪೂಸಾ ಸಂಯೋಗ್, ಸ್ವರ್ಣ ಶೀತಲ್ ಮುಂತಾದ ತಳಿಗಳೂ ಖಾಸಗಿ ಸಂಸ್ಥೆಗಳ ಹಲವು ಮಿಶ್ರತಳಿಗಳೂ ಈಗ ಮನೆತೋಟಗಳನ್ನು ತಲುಪಿವೆ. ಬೀಜದ ಪೊಟ್ಟಣಗಳ ಮೇಲಿನ ಅಂತರ ಹೆಚ್ಚಾಗಿ ಹೊಲದ ಬೆಳೆಗೆ ಹೇಳಿದ್ದಾಗಿದ್ದು, ತಡಿಕೆಗೂ ಕುಂಡಕ್ಕೂ ಪ್ರತ್ಯೇಕ ಅಳತೆ ಕೊಡುವುದು ಅಪರೂಪ. ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರಗಳಲ್ಲಿ ತಾರಸಿ ತೋಟಗಳು ಹೆಚ್ಚಿದಂತೆ ನೆಲಕ್ಕೆ ಹಬ್ಬಿಸುವ ಕ್ರಮ ಹಿಂದೆ ಸರಿದು ಗ್ರೋಬ್ಯಾಗು, ನೈಲಾನ್ ಬಲೆಗಳ ತಡಿಕೆ ಮುಂದೆ ಬಂದಿದೆ. ತಾರಸಿಯಲ್ಲಿ ಮಳೆಗಾಲದ ಬಿತ್ತನೆಗೆ 20 ಲೀಟರ್ ಕುಂಡಕ್ಕೆ ಒಂದೇ ಗಿಡ, ಬುಡದಿಂದ ಬುಡಕ್ಕೆ 45 ಸೆಂ.ಮೀ. ಎಂಬ ಅಳತೆಯನ್ನು ಪಾಲಿಸಿದರೆ ಸಾಕು.